ಕಾಳುವಿನ ಕೊನೆಯ ಆಟಿ

ನಮ್ಮ ನಾಯಿ ಕಾಳುವಿಗೆ ಕಿವಿ ಕೇಳಿಸದೆ ಎರಡು ವರ್ಷವಾಗಿತ್ತು. ಕಣ್ಣಿಗೆ ಹಾಲಿನಂಥ ಪೊರೆ ಬಂದಿತ್ತು. ಆದರೂ ಅಮ್ಮ ಕೆಂಡದ ಮೇಲೆ ಹಲಸಿನ ಹಪ್ಪಳ ಸುಟ್ಟರೆ ಸಾಕು, ಬಚ್ಚಲ ಮೂಲೆಯಿಂದ ಎದ್ದು, ಗೋಡೆಗೆ ಮೈ ಸವರಿಕೊಂಡು ಅಡುಗೆಮನೆಯ ಹಿಂಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಕಳೆದ ಆಟಿಯ, ಅಂದರೆ ತುಳುವರ ಜೋರು ಮಳೆಯ ತಿಂಗಳಿನ, ಒಂದು ಸಂಜೆ ಹಪ್ಪಳ ಸುಟ್ಟಾಯಿತು, ನಾವೆಲ್ಲ ತಿಂದಾಯಿತು, ಕಾಳು ಬರಲಿಲ್ಲ. ಅವನ ಪಾಲಿನ ತುಂಡು ಅಮ್ಮನ ಕೈಯಲ್ಲೇ ಇತ್ತು.

"ಅವನಿಗೆ ಏಳ್ಲಿಕ್ಕೆ ಆಗ್ತಾ ಇಲ್ಲ ಅಂತ ಕಾಣ್ತದೆ. ಹೋಗಿ ನೋಡು" ಎಂದರು.

ನಮ್ಮ ಮನೆ ಕಾಸರಗೋಡಿನ ಪೆರ್ಲದಿಂದ ಒಳಗೆ. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬಸ್ಸಿಳಿದು, ಗುಡ್ಡೆ ಹತ್ತಿ ಇಳಿದರೆ ಅಡಿಕೆ ತೋಟ, ತೋಟದ ತಲೆಯಲ್ಲಿ ಮನೆ. ಮನುಷ್ಯರಿಗೆ ಏನಾದರೂ ಆದರೆ ಮಂಗಳೂರಿಗೆ ಓಡುತ್ತೇವೆ. ದನಕ್ಕಾದರೆ ಪಂಚಾಯತಿನ ಮೃಗಾಸ್ಪತ್ರೆಗೆ ಫೋನ್ ಮಾಡುತ್ತೇವೆ. ನಾಯಿಗೆ ಏನು ಮಾಡಬೇಕು ಎಂದು ನಮ್ಮಲ್ಲಿ ಯಾರೂ ಯೋಚಿಸಿದ್ದೇ ಇಲ್ಲ. ಹುಚ್ಚುನಾಯಿ ಇಂಜೆಕ್ಷನ್ ಒಂದು ವರ್ಷ ವರ್ಷ ಹಾಕಿಸುತ್ತಿದ್ದೆವು, ಅಷ್ಟೇ. ಉಳಿದದ್ದೆಲ್ಲ ಅದರ ಪಾಡಿಗೆ ಆಗುವಂಥದ್ದು.

ಕಾಳುವಿಗೆ ಹದಿನಾಲ್ಕು ದಾಟಿತ್ತು. ಮಳೆಗಾಲ ಸುರುವಾಗುವಾಗಲೇ ಹಿಂಗಾಲು ಎಳೆಯುತ್ತಿದ್ದ. ನಾನು ಬುದ್ಧಿವಂತಿಕೆ ಮಾಡಿ, ನಮ್ಮ ಜ್ವರದ ಪ್ಯಾರಾಸಿಟಮಾಲ್ ಮಾತ್ರೆಯನ್ನೇ ಅರ್ಧ ಮಾಡಿ ಬೆಲ್ಲದಲ್ಲಿ ಇಟ್ಟು ಕೊಟ್ಟಿದ್ದೆ. ಎರಡು ದಿನ. ದನದ ಗರ್ಭ ನೋಡಲು ಬಂದ ಮೃಗಾಸ್ಪತ್ರೆಯ ಡಾಕ್ಟ್ರಮ್ಮನಿಗೆ ಅದನ್ನು ಹೇಳಿದಾಗ ಅವರು ಕೈಗವಸು ಬಿಚ್ಚುವುದನ್ನು ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದರು. ಅದು ನಾಯಿಯ ಲಿವರ್ ಹಾಳು ಮಾಡುವ ಮಾತ್ರೆಯಂತೆ. ಐಬುಪ್ರೊಫೆನ್ ಕೊಟ್ಟಿದ್ದರೆ ಹೊಟ್ಟೆಯಲ್ಲಿ ಹುಣ್ಣಾಗಿ ಕಿಡ್ನಿಯೂ ಹೋಗುತ್ತಿತ್ತಂತೆ. "ಮನುಷ್ಯರ ಮದ್ದು ನಾಯಿಗೆ ಬೇಡ. ಬೆಕ್ಕಿಗೆ ಅಂತೂ ಬೇಡವೇ ಬೇಡ" ಎಂದರು. ಅವರು ಕೇರಳದ ತೆಂಕಣ ಜಿಲ್ಲೆಯವರು. ಮಲಯಾಳ ಮಾತಾಡುತ್ತಾ ಮಾತಾಡುತ್ತಾ ಕನ್ನಡಕ್ಕೆ ಹೊರಳುತ್ತಾರೆ, ತುಳು ಅರ್ಥವಾಗುತ್ತದೆ.

ಅವತ್ತೇ ಅವರು ಕಾಳುವಿನ ಹೊಟ್ಟೆ ಒತ್ತಿ ನೋಡಿದರು. ಒಂದು ಕಡೆ ತೆಂಗಿನಕಾಯಿ ಗಾತ್ರದ ಗಡ್ಡೆ. ರಕ್ತ ತೆಗೆದು ಪೇಟೆಗೆ ಕಳಿಸಿದೆವು. ಕಿಡ್ನಿಯೂ ಸೋತಿತ್ತು. ಈ ಪ್ರಾಯದಲ್ಲಿ, ಈ ಕಿಡ್ನಿ ಇಟ್ಟುಕೊಂಡು ಆಪರೇಶನ್ನಿಗೆ ಮಂಪರು ಕೊಟ್ಟರೆ ಎಚ್ಚರವಾಗುತ್ತದೆ ಎಂದು ನಾನು ಹೇಳಲಾರೆ ಎಂದರು. ಗುಣ ಮಾಡುವ ಮದ್ದಿಲ್ಲ, ನೋವು ಕಡಿಮೆ ಮಾಡುವ ಮದ್ದು ಮಾತ್ರ ಕೊಡುತ್ತೇನೆ, ಅದೂ ಕಿಡ್ನಿ ನೋಡಿಕೊಂಡು. ಆಮೇಲೆ ಒಂದು ಮಾತು ಹೇಳಿದರು: "ಕ್ಯಾಲೆಂಡರ್ ಉಂಟಲ್ಲ? ದಿನಾ ರಾತ್ರಿ ಒಂದು ಗುರುತು ಹಾಕಿ. ಇವತ್ತು ಅವನಿಗೆ ಒಳ್ಳೆ ದಿನವಾ, ಕೆಟ್ಟ ದಿನವಾ ಅಂತ."

ಒಳ್ಳೆ ದಿನ ಎಂದರೆ ಎಂತದು? ತಾನಾಗಿ ತಿಂದನಾ, ನೀರು ಕುಡಿದನಾ. ಎದ್ದು ಹೊರಗೆ ಹೋಗಿ ಉಚ್ಚೆ ಹೊಯ್ದನಾ, ಮಲಗಿದಲ್ಲೇ ಆಯಿತಾ. ಮುಟ್ಟಿದರೆ ನರಳುತ್ತಾನಾ. ಅವನಿಗೆ ಖುಷಿ ಕೊಡುತ್ತಿದ್ದ ಒಂದೆರಡು ಸಂಗತಿಗಳಲ್ಲಿ ಒಂದಾದರೂ ಇವತ್ತು ನಡೆಯಿತಾ. ತಪ್ಪು ಗುರುತು ಸರಿ ಗುರುತಿಗಿಂತ ಜಾಸ್ತಿಯಾಗಲು ಸುರುವಾದರೆ ಫೋನ್ ಮಾಡಿ ಎಂದರು.

ನಮ್ಮ ಅಡುಗೆಮನೆಯಲ್ಲಿ ಸಹಕಾರಿ ಬ್ಯಾಂಕಿನ ಕ್ಯಾಲೆಂಡರ್ ಉಂಟು. ಅದರಲ್ಲಿ ಅಮ್ಮ ಸೊಸೈಟಿಗೆ ಕೊಟ್ಟ ಹಾಲಿನ ಲೆಕ್ಕ ಬರೆಯುತ್ತಾರೆ. ಅದೇ ಚೌಕಗಳಲ್ಲಿ, ಹಾಲಿನ ಲೆಕ್ಕದ ಕೆಳಗೆ, ಆರನೇ ಕ್ಲಾಸಿನ ಮಗಳು ಕೆಂಪು ಪೆನ್ನಿನಲ್ಲಿ ಗುರುತು ಹಾಕತೊಡಗಿದಳು. ಮೊದಲ ವಾರ ಹೆಚ್ಚುಕಡಿಮೆ ಎಲ್ಲ ಸರಿ ಗುರುತೇ. ಮಗಳು ಸ್ವಲ್ಪ ಧಾರಾಳ ಮಾಡುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಬಾಲ ಒಂದು ಸಲ ಆಡಿಸಿದರೂ ಅವಳಿಗೆ ಒಳ್ಳೆ ದಿನ.

ಬಚ್ಚಲಿನ ಒಲೆಯ ಎದುರು ಅವನಿಗೆ ಜಾಗ ಮಾಡಿದ್ದೆವು. ಅಡಿಕೆ ಸಿಪ್ಪೆಯ ಬೆಂಕಿ ನಂದಿದ ಮೇಲೂ ಬೂದಿ ಬೆಳಗ್ಗಿನವರೆಗೆ ಬೆಚ್ಚಗಿರುತ್ತದೆ. ಕೆಳಗೆ ಒಣ ಅಡಿಕೆ ಹಾಳೆ, ಅದರ ಮೇಲೆ ಗೋಣಿ, ಅದರ ಮೇಲೆ ಅಮ್ಮನ ಹಳೇ ಸೀರೆ. ಬಾಗಿಲವರೆಗೂ ಗೋಣಿ ಹಾಸಿದೆವು. ಸಿಮೆಂಟಿನ ನೆಲದಲ್ಲಿ ಕಾಲು ಜಾರುತ್ತಿತ್ತು. ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟದ ಮೂಳೆಯ ಮೇಲೆ ಚರ್ಮ ಒಡೆಯುತ್ತದೆ. ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಏಳುತ್ತಿದ್ದೆ. ಒಂದು ರಾತ್ರಿ ಅಲಾರಂ ಕೇಳಲಿಲ್ಲ. ಮಾರನೇ ದಿನ ಚರ್ಮ ಒಡೆದಿತ್ತು.

ಊರಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ಅಡಿಕೆಗೆ ಮದ್ದು ಬಿಡಲು ಬಂದವರು ಕಲ್ಲು ಕಡಿಯುವ ಪಣೆಯ ಹತ್ತಿರ ಬಿಟ್ಟು ಬನ್ನಿ ಎಂದರು. ಇನ್ನೊಬ್ಬರು ಕಾಡುಹಂದಿ ಹೊಡೆಯುವ ಕೋವಿಯವರನ್ನು ಕರೆಸಲಾ ಎಂದರು. 2022ರಿಂದ ಕೇರಳದಲ್ಲಿ ತೋಟಕ್ಕೆ ನುಗ್ಗುವ ಹಂದಿಯನ್ನು ಕೊಲ್ಲಿಸಲು ಪಂಚಾಯತಿಗೇ ಅಧಿಕಾರ ಕೊಟ್ಟಿದ್ದಾರೆ, ಲೈಸೆನ್ಸು ಕೋವಿಯವರು ಬರುತ್ತಾರೆ, ನಿಜ. ಆದರೆ ಆ ಅನುಮತಿ ಹಂದಿಗೆ. ಆಚೆಮನೆಯ ಮಾವ ಮಾತ್ರ ದನಿ ತಗ್ಗಿಸಿ, "ಬಾಳೆಗೆ ಹಾಕುವ ಹರಳು ಮದ್ದು ಒಂದು ಚಿಟಿಕೆ ಅನ್ನದಲ್ಲಿ ಇಟ್ಟರೆ ಅರ್ಧ ಗಂಟೆ ಮಾರಾಯ" ಎಂದರು.

ಅವರು ಕೆಟ್ಟವರಲ್ಲ. ಅವರ ಮನೆಯಲ್ಲಿ ನಾಲ್ಕು ನಾಯಿ ಬಾಳಿ ಹೋಗಿವೆ. ಆದರೆ ಆ ಅರ್ಧ ಗಂಟೆ ಹೇಗಿರುತ್ತದೆ ಎಂದು ನನಗೆ ಗೊತ್ತು. ನಾನು ಏಳನೇ ಕ್ಲಾಸಿನಲ್ಲಿ ಇರುವಾಗ ಪಕ್ಕದ ಗುಡ್ಡೆಯಲ್ಲಿ ಅಂಥದ್ದೇ ಮದ್ದು ತಿಂದ ನಾಯಿಯೊಂದು ನಮ್ಮ ತೋಡಿನವರೆಗೆ ಬಂದು ಬಿದ್ದಿತ್ತು. ಬಾಯಲ್ಲಿ ನೊರೆ, ಕೈಕಾಲು ಸೆಟೆದು ಸೆಟೆದು ಬಿಡುತ್ತಿತ್ತು, ಎಚ್ಚರ ಪೂರ್ತಿ ಇತ್ತು. ಅದಲ್ಲದೆ ವಿಷ ಎಂಬ ಮಾತು ನಮ್ಮ ಕಡೆ ಅಷ್ಟು ಸಲೀಸಾಗಿ ಬಾಯಿಗೆ ಬರಬಾರದು. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರು ಇದು. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ಅದನ್ನು ನಿಲ್ಲಿಸಿತು. ಅದರ ಪಾಡು ಪಟ್ಟ ಮನೆಗಳು ನಮ್ಮ ಪಂಚಾಯತಿನಲ್ಲೇ ಎಷ್ಟೋ ಇವೆ.

ಪ್ರಾಣಿಯನ್ನು ಅನಾವಶ್ಯಕ ಕ್ರೂರವಾಗಿ ಕೊಲ್ಲುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಅಪರಾಧ. ಮೊದಲ ಸಲಕ್ಕೆ ಆ ಕಾಯ್ದೆಯಲ್ಲಿರುವ ದಂಡ 10ರಿಂದ 50 ರೂಪಾಯಿ. ಒಂದು ಕಟ್ಟು ಹಪ್ಪಳಕ್ಕೂ ಅದಕ್ಕಿಂತ ಜಾಸ್ತಿ ಕೊಡಬೇಕು.

ಅಮ್ಮನದು ಬೇರೆಯೇ ಮಾತು. "ಅವನ ಆಯುಸ್ಸು ಮುಗಿಯುವಾಗ ತಾನಾಗಿ ಹೋಗ್ತಾನೆ. ನಾವು ಕೈ ಹಾಕುದು ಬೇಡ." ಅಪ್ಪನೂ ಹೀಗೇ ಹೇಳುತ್ತಿದ್ದರು. ಅಪ್ಪನ ಕಾಲದ ಬೊಳ್ಳು ಎಂಬ ನಾಯಿ ಹಾಗೆ ತಾನಾಗಿ ಹೋಯಿತು. ಒಂಬತ್ತು ದಿನ ಹಿಡಿಯಿತು. ಹಟ್ಟಿಯ ಹಿಂದೆ ಮಲಗಿ ಅದು ರಾತ್ರಿಯಿಡೀ ಕುಂಯಿಗುಡುವುದು ನಮಗೆ ಕೇಳಬಾರದೆಂದು ಅಪ್ಪ ರೇಡಿಯೋ ದೊಡ್ಡದಾಗಿ ಇಡುತ್ತಿದ್ದರು. ಆಗ ನಾನು ಅದನ್ನು ಕರುಣೆ ಎಂದುಕೊಂಡಿದ್ದೆ. ಈಗ ನೋಡಿದರೆ ಆ ರೇಡಿಯೋ ಬೊಳ್ಳುವಿಗಾಗಿ ಇರಲಿಲ್ಲ, ನಮಗಾಗಿ ಇತ್ತು. ಅದು ಎಷ್ಟು ಒದ್ದಾಡಿದರೂ ಅಡ್ಡಿಯಿಲ್ಲ, ನಮ್ಮ ಕೈ ಚೊಕ್ಕ ಇರಬೇಕು.

ಇಷ್ಟೆಲ್ಲ ಗೊತ್ತಿದ್ದೂ ನಾನೂ ಫೋನ್ ಮಾಡಲಿಲ್ಲ. ಕ್ಯಾಲೆಂಡರಿನಲ್ಲಿ ಸಾಲಾಗಿ ನಾಲ್ಕು ತಪ್ಪು ಗುರುತು ಬಿದ್ದಾಗಲೂ ನಾಳೆ ನೋಡುವ ಎಂದೆ. ನಡುವೆ ಒಂದು ದಿನ ಎದ್ದು ಅಂಗಳಕ್ಕೆ ಬಂದ. ಅಷ್ಟೇ ಸಾಕಾಯಿತು, ಇನ್ನೂ ಐದು ದಿನ ಎಳೆದೆವು.

ಕೊನೆಗೆ ಹುಳ ಬಿದ್ದಿತು. ಆಟಿಯ ಮಳೆ, ಹಸಿ ಗಾಯ, ನೊಣ. ನೊಣ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಆಗಬಹುದು. ಬೆಳಿಗ್ಗೆ ಸೀರೆ ಬದಲಿಸಲು ಎತ್ತಿದಾಗ ಸೊಂಟದ ಗಾಯ ಒಳಗಿನಿಂದ ಅಲುಗಾಡಿದಂತೆ ಕಂಡಿತು. ಟಾರ್ಚು ಹಿಡಿದು ನೋಡಿದೆ. ಬೇಯಿಸಿದ ಅನ್ನ ಕುದಿಯುತ್ತಿದ್ದ ಹಾಗಿತ್ತು. ಚಿಮಟ ಹಿಡಿದು ಒಂದೊಂದೇ ಹೆಕ್ಕಿದೆ. ನಲವತ್ತರ ಮೇಲೆ ಲೆಕ್ಕ ಬಿಟ್ಟೆ. ಕಾಳು ಕಚ್ಚಲಿಲ್ಲ, ನರಳಲೂ ಇಲ್ಲ. ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದ. ನನ್ನ ಹಿಂದೆ ನಿಂತಿದ್ದ ಅಮ್ಮ, "ಆ ಡಾಕ್ಟ್ರಿಗೆ ಫೋನ್ ಮಾಡು" ಎಂದರು.

ಡಾಕ್ಟ್ರಮ್ಮ ಮರುದಿನ ಸಂಜೆ ಡ್ಯೂಟಿ ಮುಗಿಸಿ ಬರುತ್ತೇನೆ ಎಂದರು. ಮದ್ದು ತರಿಸಬೇಕು, ಅದಕ್ಕೆ ಒಂದು ದಿನ ಬೇಕು. ಅಲ್ಲಿಯವರೆಗೆ ಹುಳಕ್ಕೆ ಹೊಡೆಯುವ ಸ್ಪ್ರೇ, ನೋವಿಗೆ ಒಂದು ಇಂಜೆಕ್ಷನ್. ನಾನೇ ಜೀಪು ಮಾಡಿ ಕರೆದುಕೊಂಡು ಬರಲಾ ಎಂದು ಕೇಳಿದೆ. ಬೇಡ ಎಂದರು. ಆ ಗುಡ್ಡೆ ರಸ್ತೆಯಲ್ಲಿ ಕುಲುಕಿಸಿಕೊಂಡು, ಗುರುತಿಲ್ಲದ ಜಾಗಕ್ಕೆ ಬಂದು, ಫಿನೈಲು ವಾಸನೆಯಲ್ಲಿ ಮಲಗುವುದು ಯಾಕೆ, ಅವನ ಬೂದಿಯ ಹತ್ತಿರವೇ ಆಗಲಿ ಎಂದರು.

ಬಂದವರು ಮೊದಲು ಜಗಲಿಯಲ್ಲಿ ಕುಳಿತು ಒಂದು ಫಾರಂ ತೆಗೆದರು. ಅದು ಮಲಯಾಳದಲ್ಲಿತ್ತು. ನಾನು ತಡವರಿಸಿ ಓದುವುದು ಕಂಡು, "ಇದು ದಯಾವಧಕ್ಕೆ ಒಪ್ಪಿಗೆ" ಎಂದರು. ವಧ ಎಂಬ ಮಾತಿಗೆ ನಾನು ಬೆಚ್ಚಿದ್ದು ಅವರಿಗೆ ಗೊತ್ತಾಯಿತು.

"ಕನ್ನಡದಲ್ಲಿ ಎಂತ ಹೇಳುದು?"

"ದಯಾಮರಣ."

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಮರಣ ಅಂದರೆ ಅದೇ ಬರುದು ಅಲ್ವಾ? ಇದು ನಾವು ಮಾಡುದು."

ನಾನು ಕನ್ನಡದಲ್ಲಿ ಸಹಿ ಹಾಕಿದೆ. ಅವರ ಭಾಷೆಯ ಶಬ್ದವೇ ಹೆಚ್ಚು ಪ್ರಾಮಾಣಿಕ ಎಂದು ಇವತ್ತಿಗೂ ನನಗೆ ಅನಿಸುತ್ತದೆ.

ಏನೇನಾಗುತ್ತದೆ ಎಂದು ಮೊದಲೇ ಹೇಳಿದರು. ಯಾರಾದರೂ ಇಂಥ ಕೆಲಸಕ್ಕೆ ಡಾಕ್ಟರರನ್ನು ಕರೆಯುವುದಾದರೆ ಹೀಗೆ ಕೇಳಿ ತಿಳಿದುಕೊಳ್ಳಬೇಕು. ಮೊದಲನೆಯದು ತೊಡೆಗೆ ಮಂಪರಿನ ಇಂಜೆಕ್ಷನ್. ಅದು ಹತ್ತಿ ಪೂರ್ತಿ ನಿದ್ದೆ ಬಂದ ಮೇಲೆ ಮುಂಗಾಲಿನ ನರಕ್ಕೆ ಎರಡನೆಯದು. ಅದೂ ಆಪರೇಶನ್ನಿಗೆ ಕೊಡುವಂಥ ಮಂಪರು ಮದ್ದೇ, ಪ್ರಮಾಣ ಮಾತ್ರ ಜಾಸ್ತಿ. ಮೊದಲು ಉಸಿರು, ಹಿಂದೆಯೇ ಹೃದಯ ನಿಲ್ಲುತ್ತದೆ. ಕೆಲವು ಕಡೆ ಮಂಪರು ಇಲ್ಲದೆ ನೇರ ಮೆಗ್ನೀಶಿಯಮ್ ಸಲ್ಫೇಟ್ ಕೊಡುವುದುಂಟು, ಅದಕ್ಕೆ ಒಪ್ಪಬಾರದು ಎಂದರು. ಮೈ ಅಲುಗದ ಕಾರಣ ನೋಡುವವರಿಗೆ ಶಾಂತವಾಗಿ ಕಾಣುತ್ತದೆ, ಒಳಗೆ ಎಚ್ಚರ ಇದ್ದೇ ಉಸಿರು ಕಟ್ಟುತ್ತದೆ. "ಕಣ್ಣು ಮುಚ್ಚುದಿಲ್ಲ, ಹೆದರಬೇಡಿ. ಆಮೇಲೆ ಒಂದೆರಡು ಸಲ ಉಸಿರು ತೆಗೆದ ಹಾಗೆ ಮಾಡ್ತದೆ. ಉಚ್ಚೆ ಹೋಗಬಹುದು. ಅದು ಯಾವುದೂ ಅವನಿಗೆ ಗೊತ್ತಿರುದಿಲ್ಲ."

ಮಗಳು ಇರುತ್ತೇನೆ ಎಂದಳು. ಮಂಪರು ಬರುವವರೆಗೆ ಇರು ಎಂದೆ. ಒಪ್ಪಿದಳು.

ಅಮ್ಮ ಒಳಗೆ ಹಪ್ಪಳ ಸುಡುತ್ತಿದ್ದರು. ಬಿಸಿ ತುಂಡನ್ನು ಊದಿ ಊದಿ ಅವನ ಮೂತಿಯ ಹತ್ತಿರ ಹಿಡಿದರು. ಮೂಗಿನ ಹೊಳ್ಳೆ ಎರಡು ಸಲ ಅರಳಿತು. ನಾಲಿಗೆ ಹೊರಗೆ ಬಂದು ಹಪ್ಪಳದ ಉಪ್ಪನ್ನು ನೆಕ್ಕಿತು, ಜಗಿಯಲಿಲ್ಲ. ಅಮ್ಮ ಅವನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು ಕುಳಿತರು. ನಾವು ಕೈ ಹಾಕುದು ಬೇಡ ಎಂದಿದ್ದ ಅಮ್ಮ.

ಹತ್ತು ನಿಮಿಷಕ್ಕೆ ಗೊರಕೆ ಸುರುವಾಯಿತು. ಎಷ್ಟೋ ವಾರದಿಂದ ಅವನು ಹಾಗೆ ಗೊರೆದದ್ದೇ ಇಲ್ಲ. ಡಾಕ್ಟ್ರಮ್ಮ ಕಾಲ ಬೆರಳಿನ ನಡುವೆ ಚಿವುಟಿ ನೋಡಿದರು, ಎಳೆದುಕೊಳ್ಳಲಿಲ್ಲ. ಮುಂಗಾಲಿನ ಕೂದಲು ಬೋಳಿಸಿ ಸೂಜಿ ಹಾಕಿದರು. ಮಾಡಿನ ಹಂಚಿನ ಮೇಲೆ ಮಳೆ ಹೊಯ್ಯುತ್ತಿತ್ತು. ಸ್ಟೆತಸ್ಕೋಪು ಇಟ್ಟು ಕೇಳಲು ಅವರಿಗೆ ಕಷ್ಟವಾಗಿ, ಎದೆಯ ಹತ್ತಿರ ಪೂರ್ತಿ ಬಗ್ಗಿದರು. ಗೊರಕೆ ಯಾವಾಗ ನಿಂತಿತು ಎಂದು ಮಳೆಯ ಸದ್ದಿನಲ್ಲಿ ನನಗೆ ಗೊತ್ತಾಗಲಿಲ್ಲ. ಆಮೇಲೆ ಬೆರಳಿನಿಂದ ಕಣ್ಣಿನ ಗುಡ್ಡೆಯನ್ನು ಮೆಲ್ಲ ಮುಟ್ಟಿ ನೋಡಿ, ಅಮ್ಮನ ಭುಜದ ಮೇಲೆ ಕೈ ಇಟ್ಟರು.

ಗುಂಡಿ ಆಗಲೇ ತೋಡಿ ಆಗಿತ್ತು, ಬಾವಿಗೂ ನೀರಿನ ಸುರಂಗಕ್ಕೂ ದೂರದಲ್ಲಿ, ಗೇರುಮರದ ಬುಡದಲ್ಲಿ. ಎರಡಡಿ ಕೆಳಗೆ ಮುರಕಲ್ಲು ಸಿಕ್ಕಿ ಪಿಕ್ಕಾಸು ಎಗರುತ್ತಿತ್ತು. ನಾಲ್ಕಡಿ ಆಗಲೇಬೇಕು ಎಂದು ಡಾಕ್ಟ್ರಮ್ಮ ಖಡಾಖಂಡಿತ ಹೇಳಿದ್ದರು. ಆ ಮದ್ದು ಮೈಯೊಳಗೆ ಉಳಿಯುತ್ತದೆ, ನರಿಯೋ ಬೇರೆ ನಾಯಿಯೋ ಕೆದರಿ ತಿಂದರೆ ಅದೂ ಸಾಯಬಹುದು. ಗುಂಡಿ ತೋಡಲು ಕೈ ಸೇರಿಸಿದ್ದು ಆಚೆಮನೆಯ ಮಾವ. ಮಾತಾಡಲಿಲ್ಲ. ಮಣ್ಣು ಮುಚ್ಚಿದ ಮೇಲೆ ಅವರೇ ನಾಲ್ಕು ಕಲ್ಲು ಹೊತ್ತು ತಂದು ಒತ್ತಿ ಇಟ್ಟರು. "ನರಿ ಬರ್ತದೆ" ಎಂದರು, ಅಷ್ಟೇ.

ಮೈ ತೊಳೆದು ಒಳಗೆ ಬಂದಾಗ ಅಮ್ಮ ಕ್ಯಾಲೆಂಡರಿನ ಎದುರು ನಿಂತಿದ್ದರು. ಸಂಜೆಯ ಹಾಲಿನ ಲೆಕ್ಕ ಬರೆದರು, ಎರಡೂವರೆ. ಕೆಂಪು ಪೆನ್ನು ಅಲ್ಲೇ ದಾರದಲ್ಲಿ ನೇತಾಡುತ್ತಿತ್ತು. "ಇವತ್ತಿನದ್ದು ಎಂತ ಹಾಕುದು ಅಜ್ಜಿ?" ಎಂದು ಮಗಳು ಕೇಳಿದಳು. ಅಮ್ಮ ಪೆನ್ನನ್ನು ಕೈಗೆ ತೆಗೆದುಕೊಂಡರು, ಮುಚ್ಚಳ ತೆಗೆದರು, ಆ ಚೌಕವನ್ನು ನೋಡುತ್ತಾ ನಿಂತರು. ಆಮೇಲೆ, "ಒಲೆಗೆ ಸಿಪ್ಪೆ ಹಾಕಿಯಾಯಿತಾ, ನೋಡು" ಎಂದರು.