ಪಿವಿಸಿ ಪೈಪಿನ ಸ್ಲಾಟ್ ಮಷೀನು: ಇಲ್ಲಿವರೆಗಿನ ಕೆಲಸ

ಜೂನ್ ಕೊನೆ

ಕ್ಯಾಸಿನೊಗಳಲ್ಲಿ ದುಡ್ಡು ಕಟ್ಟಿ ಆಡುತ್ತಾರಲ್ಲ, ಚಿತ್ರ ಇರುವ ಚಕ್ರಗಳು (ರೀಲು) ತಿರುಗಿ ನಿಂತಾಗ ಒಂದೇ ಚಿತ್ರ ಸಾಲಾಗಿ ಬಂದರೆ ಬಹುಮಾನ ಕೊಡೋ ಸ್ಲಾಟ್ ಮಷೀನು, ಅದನ್ನು ಮನೆಯಲ್ಲೇ ಮಾಡುತ್ತಿದ್ದೇನೆ. ಮೂರೂ ರೀಲು ತಿರುಗುತ್ತಿವೆ. ಬಿ.ಎಂ. ರಸ್ತೆಯ ಹಾರ್ಡ್‌ವೇರ್ ಅಂಗಡಿಯಿಂದ ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡು ತಂದು, ಎರಡೆರಡು ಇಂಚಿಗೆ ಕೊಯ್ದು, ಎರಡೂ ಬದಿಗೆ ಪ್ಲೈವುಡ್ ಬಿಲ್ಲೆ ಕೂರಿಸಿದೆ. ಮಧ್ಯೆ ಹಳೇ ಸೈಕಲ್ಲಿನ ಆಕ್ಸಲ್. ಮೇಲೆ ಚಿತ್ರ ಬರೆದ ಕಾಗದದ ಪಟ್ಟಿ. ಒಂದೊಂದು ರೀಲಿಗೂ ಹತ್ತು ಮನೆ: ಒಂದು ಗಂಟೆ, ಎರಡು ಮಾವು, ಮೂರು ನಿಂಬೆ, ನಾಲ್ಕು ಖಾಲಿ. ಮೂರು ರೀಲು, ಗಂಟೆ ಅನ್ನೋದು ನನ್ನ ತಲೆಯಿಂದ ಬಂದದ್ದಲ್ಲ. 1890ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚಾರ್ಲ್ಸ್ ಫೇ ಅನ್ನೋ ಮೆಕ್ಯಾನಿಕ್ ಮಾಡಿದ ಲಿಬರ್ಟಿ ಬೆಲ್ ಮಷೀನಿನದು. ಅದರಲ್ಲಿ ಮೂರು ಗಂಟೆ ಒಂದೇ ಸಾಲಿಗೆ ಬಂದರೆ 50 ಸೆಂಟ್ ಸಿಗುತ್ತಿತ್ತು. ಅದೇ ದೊಡ್ಡ ಬಹುಮಾನ.

ಇದನ್ನೆಲ್ಲ ಶುರು ಮಾಡಿದ್ದು ಭಾವನ ಒಂದು ಪ್ರಶ್ನೆಯಿಂದ. ಗೋವಾಗೆ ಹೋಗಿ ಬಂದವರು, "ಆ ಮಷೀನು 90 ಪರ್ಸೆಂಟ್ ವಾಪಸ್ ಕೊಡುತ್ತೆ ಅಂತಾರಲ್ಲಪ್ಪಾ, ನನ್ನ ಸಾವಿರದಲ್ಲಿ ಐನೂರೂ ಉಳೀಲಿಲ್ವಲ್ಲ" ಅಂದರು. ಬಾಯಲ್ಲಿ ಹೇಳಿದರೆ ಅವರು ಒಪ್ಪುವ ಪೈಕಿ ಅಲ್ಲ. ಮಾಡಿಯೇ ತೋರಿಸೋಣ ಅಂತ ಕೂತೆ.

ಪೈಪಿನ ರೀಲಿಗೆ ಒಂದು ಚಾಳಿ ಇದೆ. ಕಾಗದದ ಪಟ್ಟಿಯ ಎರಡು ತುದಿ ಒಂದರ ಮೇಲೊಂದು ಅಂಟಿರುವ ಜಾಗ ಕೂದಲೆಳೆಯಷ್ಟು ಭಾರ. ಸುಮ್ನೆ ತಿರುಗಿಸಿ ಬಿಟ್ಟರೆ ಆ ಜಾಗ ಕೆಳಗೇ ಬಂದು ನಿಲ್ಲುತ್ತೆ. ಎದುರು ಬದಿಗೆ, ಒಳಗಡೆ, ಕಡಲೆ ಕಾಳಿನಷ್ಟು ಎಂ-ಸೀಲ್ ಮೆತ್ತಿದ ಮೇಲೆ ಸರಿಹೋಯಿತು. ಒಂದೊಂದು ಮನೆಗೂ ಸಮಪಾಲು ಅವಕಾಶ ಇಲ್ಲದಿದ್ದರೆ ಮುಂದಿನ ಲೆಕ್ಕ ಎಲ್ಲಾ ದಂಡ.

ಆಟಕ್ಕೆ ದುಡ್ಡಿಲ್ಲ. ಹುಣಸೆ ಬೀಜ.

ಲೆಕ್ಕ ನೋಡಿ. ಹತ್ತು ಹತ್ತು ಮನೆಯ ಮೂರು ರೀಲು, ಅಂದ್ರೆ 1000 ಜೋಡಣೆ. ಮೂರು ಗಂಟೆ ಬರೋದು ಅದರಲ್ಲಿ ಒಂದೇ ಒಂದು. ಮೂರು ಮಾವು 8, ಮೂರು ನಿಂಬೆ 27. ಒಂದು ಬೀಜ ಕಟ್ಟಿದವರಿಗೆ ಗಂಟೆಗೆ 200, ಮಾವಿಗೆ 40, ನಿಂಬೆಗೆ 14 ಅಂತ ಇಟ್ಟೆ. ಸಾವಿರ ಜೋಡಣೆಯೂ ಒಂದೊಂದು ಸಲ ಬಂದರೆ ಕಟ್ಟಿದ್ದು 1000 ಬೀಜ. ವಾಪಸ್ ಬಂದದ್ದು 200, 320, 378, ಒಟ್ಟು 898. ಅಂದ್ರೆ 89.8 ಪರ್ಸೆಂಟ್. ಮಷೀನಿನವರು ಆರ್‌ಟಿಪಿ (ರಿಟರ್ನ್ ಟು ಪ್ಲೇಯರ್, ಆಡಿದವರಿಗೆ ವಾಪಸ್ ಹೋಗುವ ಪಾಲು) ಅನ್ನೋದು ಇದನ್ನೇ. ಅಮೆರಿಕದ ನೆವಾಡಾದಲ್ಲಿ ಇದು ಕನಿಷ್ಠ 75 ಇರಬೇಕು, ನ್ಯೂಜೆರ್ಸಿಯಲ್ಲಿ 83. ಹಾಗಾಗಿ ನನ್ನ ಮಷೀನು ಕಾನೂನಿನ ಮಟ್ಟಿಗೆ ಸಂಭಾವಿತ!

ಜುಲೈ, ಮಳೆ ಹಿಡಿದ ಮೇಲೆ

ಭಾವ ಬಂದು ಕೂತರು. ಸ್ವಲ್ಪ ಹೊತ್ತಿಗೇ "ಇದ್ರಲ್ಲಿ ಏನೂ ಬರಲ್ವಲ್ಲಪ್ಪಾ" ಅಂತ ಎದ್ದರು. ಸರಿಯೇ. ಸಾವಿರದಲ್ಲಿ ಏನಾದರೂ ಬರುವ ಜೋಡಣೆ 36 ಮಾತ್ರ. ಸತತವಾಗಿ 50 ಸಲ ತಿರುಗಿಸಿ ಒಂದು ಬೀಜವೂ ಬಾರದೇ ಇರುವ ಸಾಧ್ಯತೆ 16 ಪರ್ಸೆಂಟ್. ಆರು ಜನ ಕೂತರೆ ಒಬ್ಬರ ಹಣೆಬರಹ ಅದೇ.

ಹಾಗಾಗಿ ರೀಲು ಮುಟ್ಟದೆ ಪೇ ಟೇಬಲ್, ಅಂದ್ರೆ ಯಾವುದಕ್ಕೆ ಎಷ್ಟು ಅನ್ನೋ ಪಟ್ಟಿ ಮಾತ್ರ ಬದಲಾಯಿಸಿದೆ. ಮೊದಲ ರೀಲಿನಲ್ಲಿ ನಿಂಬೆ ಬಂದರೆ ಸಾಕು, ಒಂದು ಬೀಜ. ಮೂರೂ ನಿಂಬೆಯಾದ 27 ಬಿಟ್ಟರೆ ಅಂಥ ಜೋಡಣೆ 273. ಅದಕ್ಕೆ ಸರಿಯಾಗಿ ಮೂರು ನಿಂಬೆಯನ್ನು 8ಕ್ಕೆ, ಮಾವನ್ನು 25ಕ್ಕೆ ಇಳಿಸಿ, ಗಂಟೆಗೆ 209 ಕೊಟ್ಟೆ. ಕೂಡಿಸಿ ನೋಡಿ: 273, 216, 200, 209. ಮತ್ತೆ ಅದೇ 898!

ಭಾವನಿಗೆ ಈ ಮಷೀನು ತುಂಬಾ ಹಿಡಿಸಿತು. "ಇದು ಕೊಡೋ ಮಷೀನು ಕಣಪ್ಪಾ" ಅಂದರು. ಈಗ ಸಾವಿರದಲ್ಲಿ 309 ಸಲ ಏನಾದರೂ ಬರುತ್ತೆ. ಮೊದಲನೆಯದರಲ್ಲಿ 100 ಸಲ ಬರಿಗೈ ಆಗೋದು ಎಷ್ಟು ಅಪರೂಪವೋ, ಇದರಲ್ಲಿ 10 ಸಲ ಬರಿಗೈ ಆಗೋದು ಹೆಚ್ಚುಕಮ್ಮಿ ಅಷ್ಟೇ ಅಪರೂಪ. ಎರಡೂ ಎರಡೂವರೆ ಪರ್ಸೆಂಟ್. ಆದರೆ ಆ 273 ಸಲ ಕೈಗೆ ಬರೋದು ಅವರೇ ಕಟ್ಟಿದ ಬೀಜ, ಅಷ್ಟೇ. ಅದಕ್ಕೂ ಒಂದು ಸೈಕಲ್ ಬೆಲ್ ಬಾರಿಸುತ್ತಿದ್ದೆ ಅನ್ನಿ. ಬ್ರಿಟನ್ನಿನಲ್ಲಿ 2021ರ ಅಕ್ಟೋಬರ್ 31ರಿಂದ ಆನ್‌ಲೈನ್ ಸ್ಲಾಟ್‌ಗಳಲ್ಲಿ ಈ ಬೆಲ್ ಕೆಲಸ ನಿಷಿದ್ಧ. ಕಟ್ಟಿದ್ದಕ್ಕಿಂತ ಜಾಸ್ತಿ ಬಾರದೇ ಇದ್ದರೆ ಗೆದ್ದಂತೆ ಸದ್ದು, ಬೆಳಕು ಮಾಡೋ ಹಾಗಿಲ್ಲ. ನಾನೂ ಬೆಲ್ ಬಿಚ್ಚಿಟ್ಟೆ. ಭಾವ ಆಡುವ ಹುರುಪು ಅರ್ಧಕ್ಕೆ ಇಳಿಯಿತು.

ಲ್ಯಾಪ್‌ಟಾಪಿನಲ್ಲಿ

ಕೈಯಲ್ಲಿ ತಿರುಗಿಸಿ ಇದನ್ನೆಲ್ಲ ಪರೀಕ್ಷೆ ಮಾಡೋದು ಆಗದ ಮಾತು. ಪೈಥಾನಿನಲ್ಲಿ ಒಂದು ಪುಟದ ಪ್ರೋಗ್ರಾಂ ಬರೆದೆ. ಒಂದು ಲಕ್ಷ ಸಲ ತಿರುಗಿಸಿದರೂ ಉತ್ತರ 89.8ಕ್ಕೆ ಬಂದು ನಿಲ್ಲಲ್ಲ. ಒಮ್ಮೆ 88, ಇನ್ನೊಮ್ಮೆ 91. ಕಾರಣ ಗಂಟೆ. ವಾಪಸ್ಸಿನಲ್ಲಿ ಐದನೇ ಒಂದು ಪಾಲಿಗಿಂತ ಜಾಸ್ತಿ ಆ ಒಂದೇ ಜೋಡಣೆಯಲ್ಲಿ ಕೂತಿದೆ. ಸಾವಿರ ಸಲ ಆಡಿದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ, 37 ಪರ್ಸೆಂಟ್, ಮೂರು ಗಂಟೆಯ ಮುಖವನ್ನೇ ನೋಡಲ್ಲ. ಅವರ ಪಾಲಿಗೆ ಇದು ಸರಾಸರಿ 70ರ ಮಷೀನು.

ಭಾವನ ಸಾವಿರದ ಲೆಕ್ಕ ಇನ್ನೂ ಸುಲಭ. 89.8 ಅನ್ನೋದು ಜೇಬಿನಲ್ಲಿ ತಂದ ಹಣಕ್ಕಲ್ಲ, ಒಂದೊಂದು ಸಲ ಕಟ್ಟುವ ಹಣಕ್ಕೆ. ಸಾವಿರ ಪೂರ್ತಿ ಒಂದು ಸುತ್ತು ಹೋದರೆ ಸರಾಸರಿ 898 ಉಳಿಯಿತು. ಅದನ್ನೇ ಮತ್ತೆ ಕಟ್ಟಿದರೆ 806, ಆಮೇಲೆ 724, 650. ಐದನೇ ಸುತ್ತಿಗೆ 584. ಆರು ಸೆಕೆಂಡಿಗೊಂದು ಸಲ ಒತ್ತಿದರೆ ಒಂದು ತಾಸಿಗೆ 600 ಸಲ. ಐದು ರೂಪಾಯಿ ಆಟದಲ್ಲಿ ಅದು ಮೂರು ಸಾವಿರ ಕಟ್ಟಿದ ಹಾಗೆ. ಇದನ್ನು ಕೇಳಿ ಭಾವ ಸುಮ್ಮನಾದರು, ಕಾಫಿ ಕೇಳಿದರು.

ಮೂರನೇ ಮಷೀನು

ನನಗೆ ಬಹಳ ಇಷ್ಟವಾದ ಭಾಗ ಇದು. 1984ರಲ್ಲಿ ಇಂಗೆ ಟೆಲ್ನೇಸ್ ಅನ್ನುವವರಿಗೆ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಅದರ ಪ್ರಕಾರ ರೀಲು ಎಲ್ಲಿ ನಿಲ್ಲಬೇಕು ಅಂತ ಮೊದಲೇ ಒಂದು ರ್‍ಯಾಂಡಮ್ ಸಂಖ್ಯೆ ತೀರ್ಮಾನ ಮಾಡುತ್ತೆ. ಕಣ್ಣಿಗೆ ಕಾಣುವ ರೀಲು ಬರೀ ಅದನ್ನು ತೋರಿಸುತ್ತೆ.

ನನ್ನ ಹತ್ತು ಮನೆಗೆ 32 ಸಂಖ್ಯೆ ಹಂಚಿದೆ. ಗಂಟೆಗೆ ಒಂದೇ ಒಂದು. ಅದರ ಮೇಲಿನ, ಕೆಳಗಿನ ಖಾಲಿ ಮನೆಗಳಿಗೆ ಐದೈದು. ಉಳಿದ ಏಳಕ್ಕೂ ಮೂರು ಮೂರು. ನೋಡುವವರಿಗೆ ಅದೇ ಹಳೇ ರೀಲು, ಸಾವಿರಕ್ಕೊಂದು ಸಲ ಮೂರು ಗಂಟೆ ಬರಬೇಕು ಅನಿಸುತ್ತೆ. ನಿಜವಾಗಿ ಬರೋದು 32,768ಕ್ಕೆ ಒಂದು ಸಲ. ಗಂಟೆ ಗೆರೆಯ ಮೇಲೆ ನಿಲ್ಲೋದಕ್ಕಿಂತ ಒಂದು ಮನೆ ಆಚೀಚೆ ನಿಲ್ಲೋದು ಹತ್ತು ಪಟ್ಟು ಜಾಸ್ತಿ. "ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತಲ್ಲಾ!" ಅನ್ನೋದು ಹೀಗೆ ಹುಟ್ಟುತ್ತೆ.

ಇನ್ನೊಂದು ತಮಾಷೆ ಇದೆ. ಈಗ ಗಂಟೆಗೆ 5000 ಬೀಜ ಅಂತ ದೊಡ್ಡದಾಗಿ ಬೋರ್ಡ್ ಹಾಕಬಹುದು. ಮಷೀನಿಗೆ ಅದರ ಖರ್ಚು 15 ಪರ್ಸೆಂಟ್ ಮಾತ್ರ. ಮೊದಲು 200 ಕೊಡುತ್ತಿದ್ದಾಗ 20 ಇತ್ತು. ಮಾವಿಗೆ 52, ನಿಂಬೆಗೆ 18 ಇಟ್ಟರೆ ಒಟ್ಟು 89.6. ಕಾಗದದ ಮೇಲೆ ಮೂರೂ ಮಷೀನು ಅಣ್ಣತಮ್ಮಂದಿರು. ಆದರೆ ಏರಿಳಿತ, ವೊಲಟಿಲಿಟಿ ಅಂತಾರಲ್ಲ, ಅದು ಇದರಲ್ಲಿ ಎಷ್ಟೋ ಪಟ್ಟು ಜಾಸ್ತಿ. ಒಂದು ಲಕ್ಷ ಸಲ ಓಡಿಸಿದರೆ ಗಂಟೆ ಬೀಳೋದು ಸರಾಸರಿ ಮೂರು ಸಲ. ಯಾವ ಸಂಖ್ಯೆಗೂ ಹಿಂದಿನದು ನೆನಪಿರಲ್ಲ, ಹಾಗಾಗಿ "ಇಷ್ಟು ಹೊತ್ತು ಬಂದಿಲ್ಲ, ಇನ್ನೇನು ಬರುತ್ತೆ" ಅನ್ನೋದಕ್ಕೂ ಇಲ್ಲಿ ಅರ್ಥ ಇಲ್ಲ.

ಪಕ್ಕದ ಮನೆಯ ಕಾಲೇಜು ಹುಡುಗ ಇದನ್ನು ಆ್ಯಪ್ ಮಾಡೋಣ ಅಂತಾನೆ. ಬೀಜದ ಲೆಕ್ಕದಲ್ಲೇ ಇದ್ದರೆ ಮಾತ್ರ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿ ನಿಷೇಧಿಸಿದೆ.

ಬಾಕಿ ಇರೋದು ಒಂಬತ್ತು ಲೈನಿನ ಆಟ, ಅಂದ್ರೆ ಒಂದೇ ಸಲಕ್ಕೆ ಒಂಬತ್ತು ಗೆರೆಯ ಮೇಲೆ ಕಟ್ಟೋದು. ಒಂಬತ್ತು ಬೀಜ ಕಟ್ಟಿ ನಾಲ್ಕು ಬಂದರೂ ಗೆದ್ದೆ ಅನಿಸುವ ಬಗೆ. ಫ್ರೀ ಸ್ಪಿನ್ನಿನ (ಏನೂ ಕಟ್ಟದೆ ಸಿಗುವ ಸುತ್ತಿನ) ಲೆಕ್ಕವೂ ಇದೆ. ಫ್ರೀ ಸ್ಪಿನ್ನಿನೊಳಗೆ ಮತ್ತೆ ಫ್ರೀ ಸ್ಪಿನ್ ಬಂದರೆ ಕೂಡಿಸೋದು ಹೇಗೆ ಅನ್ನೋದನ್ನು ಹಾಳೆಯಲ್ಲಿ ಬಿಡಿಸುತ್ತಿದ್ದೇನೆ. ಆಶ್ವಯುಜದಲ್ಲಿ ಹಾಸನಾಂಬ ದೇವಸ್ಥಾನದ ಬಾಗಿಲು ತೆಗೆದಾಗ ಮನೆ ತುಂಬ ನೆಂಟರು ಇರುತ್ತಾರೆ. ಅಷ್ಟರೊಳಗೆ ಆದರೆ ಆಡಿಸಿ ನೋಡೋಕೆ ಜನಕ್ಕೆ ಬರವಿಲ್ಲ. ಇನ್ನೊಂದು ಸೇರು ಹುಣಸೆ ಬೀಜ ಬೇಕು.