ಅಗಲಿದವರ ಬಗ್ಗೆ ಆರುನೂರು ಪದ

ಹೆಸರಾಂತವರೊಬ್ಬರು ತೀರಿಕೊಂಡ ಸುದ್ದಿ ಬಂದ ಎರಡು ಗಂಟೆಯಲ್ಲಿ ಅವರ ಬಗ್ಗೆ ಹತ್ತು ಬರಹ ಬಂದಿರುತ್ತವೆ. ಹತ್ತರಲ್ಲೂ ‘ತುಂಬಲಾರದ ನಷ್ಟ’ ಇರುತ್ತದೆ, ‘ಸರಳ ಸಜ್ಜನಿಕೆಯ ವ್ಯಕ್ತಿತ್ವ’ ಇರುತ್ತದೆ, ಪ್ರಶಸ್ತಿಗಳ ಉದ್ದನೆಯ ಸಾಲು ಇರುತ್ತದೆ. ಹೆಸರೊಂದನ್ನು ಅಳಿಸಿ ಇನ್ನೊಂದು ಹಾಕಿದರೂ ಬರಹ ಹಾಗೇ ನಿಲ್ಲುತ್ತದೆ. ಆ ಮನುಷ್ಯ ಬೆಳಗಾಗೆದ್ದು ಏನು ಕೆಲಸ ಮಾಡುತ್ತಿದ್ದರು, ಅದನ್ನು ಹೇಗೆ ಮಾಡುತ್ತಿದ್ದರು ಎಂಬುದು ಮಾತ್ರ ಎಲ್ಲೂ ಸಿಗುವುದಿಲ್ಲ. ಜೀವನಚಿತ್ರ ಬರೆಯುವವರು ಮೊದಲು ಹುಡುಕಬೇಕಾದ್ದು ಅದನ್ನೇ.

ಆರುನೂರು ಪದದ ಬರಹ ಎಂದುಕೊಳ್ಳಿ. ಮೊದಲ 60 ಪದದಲ್ಲಿ ಹೆಸರು, ವಯಸ್ಸು, ಎಲ್ಲಿ ಯಾವಾಗ ತೀರಿಕೊಂಡರು, ಯಾವುದಕ್ಕೆ ಹೆಸರಾದವರು ಎಂಬುದು ಮುಗಿಯಬೇಕು. ಹುಟ್ಟು, ಮನೆತನ, ಓದಿಗೆ 120. ಮಾಡಿದ ಕೆಲಸಕ್ಕೆ 300, ಅದರಲ್ಲಿ ಚೌಕಾಸಿ ಬೇಡ. ಪ್ರಶಸ್ತಿಗಳಿಗೆ 40 ಸಾಕು. ಉಳಿದ 80 ಪದ ಜೊತೆಗೆ ದುಡಿದವರಿಗೆ, ಅವರ ಮೇಲಿದ್ದ ಟೀಕೆಗೆ, ಅಗಲಿದವರ ಕುಟುಂಬಕ್ಕೆ. ಈ ಅಳತೆ ತಲೆಕೆಳಗಾದರೆ, ಅಂದರೆ ಪ್ರಶಸ್ತಿ 300 ತಿಂದು ಕೆಲಸಕ್ಕೆ 40 ಉಳಿದರೆ, ಸನ್ಮಾನಪತ್ರ ತಯಾರಾಗುತ್ತದೆ.

ಮೊದಲ ಸಾಲಿನಲ್ಲೇ ಎಡವುವುದು ವಯಸ್ಸಿನಲ್ಲಿ. ಸತ್ತ ಇಸವಿಯಿಂದ ಹುಟ್ಟಿದ ಇಸವಿ ಕಳೆದು ಬರೆದುಬಿಡುತ್ತಾರೆ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29, ತೀರಿಕೊಂಡದ್ದು 1994ರ ನವೆಂಬರ್ 11. ಕಳೆದರೆ 90 ಬರುತ್ತದೆ, ಆದರೆ ತುಂಬಿದ್ದು 89 ವರ್ಷ. ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ 1920ರ ಸೆಪ್ಟೆಂಬರ್ 10ರಂದು ಹುಟ್ಟಿ 2023ರ ಆಗಸ್ಟ್ 22ರಂದು ತೀರಿಕೊಂಡರು; 103 ತುಂಬಲು ಇನ್ನೂ 19 ದಿನ ಬಾಕಿ ಇತ್ತು. ‘103ನೇ ವಯಸ್ಸಿನಲ್ಲಿ’ ಎಂದರೆ ನಡೆಯುತ್ತಿದ್ದ ವರ್ಷ, ‘102 ವರ್ಷ’ ಎಂದರೆ ತುಂಬಿದ ವರ್ಷ. ಎರಡೂ ಸರಿಯೇ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬಾರದು ಅಷ್ಟೆ.

ಹುಟ್ಟಿದ ದಿನಾಂಕವನ್ನು ಎಲ್ಲಿಂದ ತೆಗೆದುಕೊಂಡಿರಿ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಹಿಂದಿನ ತಲೆಮಾರಿನ ಎಷ್ಟೋ ಜನರ ಜನ್ಮದಿನ ಶಾಲೆಯ ದಾಖಲೆಯಲ್ಲಿ ಜೂನ್ 1. ಮೇಷ್ಟ್ರು ಸೇರಿಸಿಕೊಂಡ ದಿನ ಮಗುವಿನ ಎತ್ತರ ನೋಡಿ ಬರೆದದ್ದು ಅದು. ಜೂನ್, ಜುಲೈ ತಿಂಗಳ ಮೊದಲ ದಿನವೋ ಕೊನೆಯ ದಿನವೋ ಕಂಡರೆ ಸ್ವಲ್ಪ ಅನುಮಾನ ಪಡಿ. ಮನೆಯಲ್ಲಿ ಜಾತಕ ಇದ್ದರೆ ಅದನ್ನು ನೋಡಬಹುದು, ಆದರೆ ಅಲ್ಲೊಂದು ಗುಂಡಿ ಇದೆ. ಜಾತಕದಲ್ಲಿರುವ ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಎಂದು ಎಲ್ಲರಿಗೂ ಗೊತ್ತು. ಅದು ಯುಗಾದಿಯಿಂದ ಡಿಸೆಂಬರ್ 31ರವರೆಗೆ ಮಾತ್ರ ಸರಿ. ಜನವರಿ 1ರಿಂದ ಮುಂದಿನ ಯುಗಾದಿಯವರೆಗೆ 79 ಕೂಡಿಸಬೇಕು. ಬೇಂದ್ರೆ ಹುಟ್ಟಿದ್ದು 1896ರ ಜನವರಿ 31; ಅದು ಶಕ 1817, ಮನ್ಮಥ ಸಂವತ್ಸರ. 78 ಕೂಡಿಸಿದವರು 1895 ಎಂದು ಬರೆದು ಒಂದು ವರ್ಷ ಹಿಂದೆ ತಳ್ಳುತ್ತಾರೆ. ಪುಷ್ಯ, ಮಾಘ, ಫಾಲ್ಗುಣದಲ್ಲಿ ಹುಟ್ಟಿದವರಿಗೆಲ್ಲ ಈ ಅಪಾಯ ಉಂಟು. ಬರೀ ಸಂವತ್ಸರದ ಹೆಸರಿದ್ದು ಶಕ ಇಲ್ಲದಿದ್ದರೆ ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ: ಕ್ರೋಧಿ ಎಂದರೆ 1904–05 ಆಗಬಹುದು, 1964–65 ಆಗಬಹುದು. ಮದುವೆಯ ವರ್ಷ, ಮೊದಲ ಮಗುವಿನ ವರ್ಷ ನೋಡಿ ಯಾವ ಸುತ್ತು ಎಂದು ತೀರ್ಮಾನಿಸಬೇಕು.

ಸತ್ತ ದಿನದಲ್ಲೂ ಹೀಗೇ ಆಗುತ್ತದೆ. ರಾತ್ರಿ ಎರಡಕ್ಕೆ ಹೋದವರನ್ನು ಮನೆಯವರು ಹಿಂದಿನ ದಿನಕ್ಕೆ ಸೇರಿಸುತ್ತಾರೆ, ಏಕೆಂದರೆ ಪಂಚಾಂಗದ ದಿನ ಸೂರ್ಯೋದಯಕ್ಕೆ ಶುರು. ಆಸ್ಪತ್ರೆಯ ಕಾಗದ ಮರುದಿನದ ತಾರೀಕು ಹೇಳುತ್ತದೆ. ಬರೆಯುವಾಗ ಕಾಗದದ್ದನ್ನೇ ಹಿಡಿಯಿರಿ. ವಾರ್ಷಿಕ ತಿಥಿಯ ವಿಷಯ ಮನೆಯವರದು.

ಇದೆಲ್ಲ ಅಜ್ಞಾತರಿಗೆ ಮಾತ್ರ ಎಂದುಕೊಳ್ಳಬೇಡಿ. ವಿಶ್ವೇಶ್ವರಯ್ಯನವರ ಜನ್ಮವರ್ಷ ಕೆಲವು ಕಡೆ 1860, ಕೆಲವು ಕಡೆ 1861. ನಿಧನದ ದಿನ 1962ರ ಏಪ್ರಿಲ್ 12 ಎಂದೂ ಇದೆ, 14 ಎಂದೂ ಇದೆ. ಹುಟ್ಟಿದ ದಿನ ಸೆಪ್ಟೆಂಬರ್ 15 ಎಂಬುದರಲ್ಲಿ ತಕರಾರಿಲ್ಲ. ಅವರಿಗೆ ನೂರು ತುಂಬಿತೆಂದು ಅಂಚೆಚೀಟಿ ಬಂದದ್ದು 1960ರಲ್ಲಿ, ಅವರು ಬದುಕಿದ್ದಾಗಲೇ. ಅಂದರೆ ಆಗ ಹಿಡಿದ ಲೆಕ್ಕ 1860ರದು. 1861 ಹಿಡಿದರೆ ತೀರಿಕೊಂಡಾಗ ಅವರಿಗೆ ತುಂಬಿದ್ದು 100, 1860 ಹಿಡಿದರೆ 101. ಒಂದನ್ನು ಆರಿಸಿಕೊಂಡು, ಇನ್ನೊಂದೂ ಚಾಲ್ತಿಯಲ್ಲಿದೆ ಎಂದು ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋಗುವುದು ಮರ್ಯಾದಸ್ಥರ ಕ್ರಮ. ಎರಡನ್ನೂ ಕಲಸಿ ‘102 ವರ್ಷ ಬಾಳಿದ’ ಎಂದು ಬರೆದವರೂ ಇದ್ದಾರೆ.

ಊರಿನ ವಿಷಯ. ನಮ್ಮಲ್ಲಿ ಹೆರಿಗೆಗೆ ತವರಿಗೆ ಹೋಗುವ ರೂಢಿ ಇರುವುದರಿಂದ ಹುಟ್ಟಿದ ಊರು ಬೇರೆ, ಸ್ವಂತ ಊರು ಬೇರೆ ಆಗುವುದು ಮಾಮೂಲು. ಕುವೆಂಪು ಹುಟ್ಟಿದ್ದು ತಾಯಿಯ ತವರು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ‘ಕುಪ್ಪಳಿಯಲ್ಲಿ ಜನಿಸಿದರು’ ಎಂಬ ವಾಕ್ಯ ಭಾಷಣಗಳಲ್ಲಿ ಇಂದಿಗೂ ಓಡಾಡುತ್ತಿದೆ. ಇನ್ನೊಂದು, ಊರಿನ ಆಗಿನ ಆಡಳಿತ. ಸಿ. ಆರ್. ರಾವ್ ಹುಟ್ಟಿದ ಹೂವಿನಹಡಗಲಿ ಆಗ ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಯಲ್ಲಿತ್ತು, 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ‘ಆಗಿನ ಮದ್ರಾಸ್ ಪ್ರಾಂತದ, ಈಗಿನ ವಿಜಯನಗರ ಜಿಲ್ಲೆಯ’ ಎಂದು ಎರಡನ್ನೂ ಕೊಡಿ. ಅವರದು ತೆಲುಗು ಮನೆತನ; ನಮ್ಮ ನೆಲದಲ್ಲಿ ಹುಟ್ಟಿದರೆಂದು ಹೆಮ್ಮೆಪಡಲು ಅಡ್ಡಿಯಿಲ್ಲ, ‘ಅಪ್ಪಟ ಕನ್ನಡಿಗ’ ಎಂದು ಮುದ್ರೆ ಒತ್ತುವುದು ಬೇಡ.

ಈಗ ಅಂಕಿಗಳು. ಸಾಲುಮರದ ತಿಮ್ಮಕ್ಕ 2025ರ ನವೆಂಬರ್ 14ರಂದು ತೀರಿಕೊಂಡಾಗ ಅವರ ಬಗ್ಗೆ ಬಂದ ಬರಹಗಳಲ್ಲಿ ಎದ್ದು ಕಂಡ ಸಂಖ್ಯೆ 385, ಹುಲಿಕಲ್‌ನಿಂದ ಕುದೂರಿನವರೆಗಿನ ಆಲದ ಮರಗಳು. ರಸ್ತೆಯ ಉದ್ದ ಮಾತ್ರ ಒಂದು ಕಡೆ ಸುಮಾರು 4 ಕಿಲೋಮೀಟರ್, ಇನ್ನೊಂದು ಕಡೆ 45. ಯಾವುದು ಸರಿ ಎಂದು ತಿಳಿಯಲು ಮಾಗಡಿ ತಾಲ್ಲೂಕಿಗೇ ಹೋಗಬೇಕಿಲ್ಲ. 45 ಕಿಲೋಮೀಟರಿನ ಎರಡೂ ಬದಿಗೆ 385 ಮರ ಹಂಚಿದರೆ ಒಂದು ಬದಿಯಲ್ಲಿ ಮರದಿಂದ ಮರಕ್ಕೆ 230 ಮೀಟರಿಗೂ ಹೆಚ್ಚು ಅಂತರ. ಅದನ್ನು ಯಾರೂ ಸಾಲುಮರ ಎನ್ನುವುದಿಲ್ಲ. 4 ಕಿಲೋಮೀಟರಿಗೆ ಹಂಚಿದರೆ ಸುಮಾರು 20 ಮೀಟರ್, ಆಲದ ಹರವಿಗೆ ಒಪ್ಪುವ ಅಂತರ. 4.5ರ ಚುಕ್ಕಿ ಬಿದ್ದುಹೋದರೆ 45 ಆಗುವುದು ಎಷ್ಟು ಸುಲಭ ನೋಡಿ. ಯಾವ ಅಂಕಿ ಸಿಕ್ಕರೂ ಹೀಗೆ ಇನ್ನೊಂದು ಅಂಕಿಯಿಂದ ಭಾಗಿಸಿ ನೋಡುವುದು ಒಂದು ನಿಮಿಷದ ಕೆಲಸ.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ (ನಿಧನ 2018ರ ಡಿಸೆಂಬರ್ 25) 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಎನ್ನುತ್ತಾರೆ. 70 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 214 ಬರುತ್ತದೆ, ಎರಡು ದಿನಕ್ಕೊಂದಕ್ಕಿಂತ ಹೆಚ್ಚು. ಲೆಕ್ಕದ ಪುಸ್ತಕ ಇಡದ ಕೆಲಸದಲ್ಲಿ ಇಂಥ ಸಂಖ್ಯೆ ಒಂದು ಅಂದಾಜು. ಹಾಗಾಗಿ ‘15,000 ಎಂದು ಅಂದಾಜು’ ಎನ್ನಿ. ‘15,000 ಹೆರಿಗೆ ಮಾಡಿಸಿದ ದಾಖಲೆ’ ಎನ್ನಬೇಡಿ. ಅದರಿಂದ ಅವರು ಸಣ್ಣವರಾಗುವುದಿಲ್ಲ.

ತಿಮ್ಮಕ್ಕನವರ ವಯಸ್ಸೂ ಇದೇ ಜಾತಿಗೆ ಸೇರಿದ್ದು. 1911ರಲ್ಲಿ ಹುಟ್ಟಿದರೆಂಬ ಲೆಕ್ಕದಲ್ಲಿ 114. ಶಾಲೆಯ ಮೆಟ್ಟಿಲು ಹತ್ತದ, ಕಲ್ಲುಗಣಿಯಲ್ಲಿ ಕೂಲಿ ಮಾಡಿದ ಹೆಂಗಸಿನ ಜನ್ಮದಿನವನ್ನು ತಾರೀಕು ಸಮೇತ ಬರೆಯುವ ಧೈರ್ಯ ನನಗಂತೂ ಇಲ್ಲ. ಅದಕ್ಕಿಂತ ಬರೆಯಬೇಕಾದ್ದು ಬೇರೆ ಇದೆ. ಮೊದಲ ವರ್ಷ 10 ಸಸಿ, ಎರಡನೇ ವರ್ಷ 15, ಮೂರನೇ ವರ್ಷ 20. ನೆಟ್ಟದ್ದು ಮಳೆಗಾಲದಲ್ಲಿ, ಬೇರು ಹಿಡಿಯುವ ತನಕ ಆಕಾಶದ ನೀರು ಸಿಗಲಿ ಎಂದು. ಆಮೇಲೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದ್ದು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದ್ದು. ಇವು ಇಲ್ಲದ ಬರಹದಲ್ಲಿ ‘ವೃಕ್ಷಮಾತೆ’ ಎಂಬ ಬಿರುದು ಎಷ್ಟು ಸಲ ಬಂದರೂ ಓದುಗನ ಕಣ್ಣೆದುರು ಒಂದು ಗಿಡವೂ ಏಳುವುದಿಲ್ಲ. ನೀರು ಹೊತ್ತವರು ಇಬ್ಬರು ಎಂಬುದನ್ನೂ ಮರೆಯುತ್ತಾರೆ. 1991ರಲ್ಲಿ ತೀರಿಕೊಂಡ ಗಂಡ ಚಿಕ್ಕಯ್ಯನವರ ಹೆಸರು ಹಲವು ಬರಹಗಳಲ್ಲಿ ‘ಪತಿಯೊಂದಿಗೆ’ ಎಂಬ ಒಂದು ಪದವಾಗಿ ಮುಗಿದುಹೋಗಿದೆ.

ಜೊತೆಯವರನ್ನು ಬಿಡುವ ಚಾಳಿಗೆ ದೊಡ್ಡ ಉದಾಹರಣೆ ಕನ್ನಂಬಾಡಿ ಕಟ್ಟೆ. ‘ವಿಶ್ವೇಶ್ವರಯ್ಯ ಕಟ್ಟಿಸಿದರು’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ, ಕೆಲಸ ಶುರುವಾದದ್ದು 1911ರಲ್ಲಿ, ಅವರು ದಿವಾನರಾಗಿದ್ದದ್ದು 1912ರಿಂದ 1918ರವರೆಗೆ. ಕಟ್ಟೆ ಮುಗಿದದ್ದು 1932ರ ಹೊತ್ತಿಗೆ. ಅಷ್ಟರಲ್ಲಿ ಮದ್ರಾಸಿನೊಂದಿಗೆ ನೀರಿನ ತಕರಾರು ಎದ್ದು, 1924ರ ಒಪ್ಪಂದವೂ ಆಗಿತ್ತು. ಯೋಜನೆ ಅವರದು, ಹಟ ಅವರದು. ಹಣ ಮತ್ತು ಒಪ್ಪಿಗೆ ನಾಲ್ವಡಿ ಕೃಷ್ಣರಾಜ ಒಡೆಯರದು. ಕೊನೆಯ ಹದಿಮೂರು ಹದಿನಾಲ್ಕು ವರ್ಷದ ದುಡಿಮೆ ಬೇರೆ ಎಂಜಿನಿಯರುಗಳದು, ಕೂಲಿಗಳದು. ಮುಳುಗಿದ ಮನೆ ಹೊಲ ಕನ್ನಂಬಾಡಿ ಮತ್ತು ಸುತ್ತಲ ಹಳ್ಳಿಯವರದು. ಇಷ್ಟನ್ನು 50 ಪದದಲ್ಲಿ ಹೇಳಬಹುದು. ಜೊತೆಗೆ, ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸಿಮೆಂಟಲ್ಲ, ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆ ಎಂಬ ಒಂದು ಸಾಲು ಸೇರಿಸಿದರೆ, ‘ಮಹಾನ್ ದಾರ್ಶನಿಕ’ ಎಂಬ ಎರಡು ಪದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ವಿಜ್ಞಾನಿಗಳ ವಿಷಯ ಬಂದಾಗ ಬರೆಯುವವರು ಕೆಲಸವನ್ನು ದಾಟಿ ಓಡುತ್ತಾರೆ. ಕಷ್ಟ ಎಂಬ ಭಯ. ಸಿ. ಆರ್. ರಾವ್ 1945ರಲ್ಲಿ, 25ರ ಆಸುಪಾಸಿನಲ್ಲಿದ್ದಾಗ, ಪ್ರಕಟಿಸಿದ ಫಲಿತಾಂಶವನ್ನು ಹೀಗೆ ಹೇಳಬಹುದು: ಕೈಯಲ್ಲಿರುವ ಮಾಹಿತಿಗೆ ತಕ್ಕಂತೆ ಅಂದಾಜಿನ ನಿಖರತೆಗೆ ಒಂದು ಮಿತಿ ಇದೆ, ಪಕ್ಷಪಾತವಿಲ್ಲದ ಎಷ್ಟೇ ಜಾಣ ವಿಧಾನ ಬಳಸಿದರೂ ಅದನ್ನು ಮೀರಲಾಗದು, ಆ ಮಿತಿ ಎಷ್ಟು ಎಂದು ಅವರ ಸೂತ್ರ ಲೆಕ್ಕ ಹಾಕಿಕೊಡುತ್ತದೆ. ಇದನ್ನು ಗಣಿತ ಬಲ್ಲವರೊಬ್ಬರಿಗೆ ತೋರಿಸಿ ‘ತಪ್ಪಿಲ್ಲ’ ಎನಿಸಿಕೊಂಡರೆ ಸಾಕು.

ರಾಗಿ ಲಕ್ಷ್ಮಣಯ್ಯನವರ ಹೆಸರು (1921–1993) ಮುದ್ದೆ ಉಣ್ಣುವ ಎಷ್ಟು ಜನಕ್ಕೆ ಗೊತ್ತೋ. ಅವರ ಬಗ್ಗೆ ಬರೆಯುವವರು ‘ಇಂಡಾಫ್ ತಳಿಗಳ ಜನಕ’ ಎಂದು ನಿಲ್ಲಿಸುತ್ತಾರೆ. ಮುಂದಿನ ಮೂರು ಸಾಲು ಬರೆಯಿರಿ. ರಾಗಿಯ ಹೂವು ತೀರಾ ಸಣ್ಣದು, ತನ್ನ ಪರಾಗದಿಂದಲೇ ತಾನು ಕಾಳು ಕಟ್ಟುತ್ತದೆ, ಅದೂ ಬೆಳಕು ಹರಿಯುವ ಮೊದಲೇ ಅರಳಿ ಕೆಲಸ ಮುಗಿಸುತ್ತದೆ. ಹಾಗಾಗಿ ಎರಡು ತಳಿ ಕೂಡಿಸುವುದು ಭತ್ತ, ಜೋಳಕ್ಕಿಂತ ಸೂಕ್ಷ್ಮದ ಕೆಲಸ. ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಬಂದದ್ದೇ ಇಂಡಾಫ್. ಇಷ್ಟು ಗೊತ್ತಾದ ಮೇಲೆ ಆ ಮನುಷ್ಯ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕಳೆದ ವರ್ಷಗಳಿಗೆ ಬೇರೆ ವಿಶೇಷಣ ಬೇಕಾಗುವುದಿಲ್ಲ.

ಸಂಗೀತಗಾರರಲ್ಲಿ ತೊಂದರೆ ಬೇರೆ: ‘ಗಾನಕೋಗಿಲೆ’. ಗಂಗೂಬಾಯಿ ಹಾನಗಲ್ (1913–2009) ಅವರ ದನಿ ಕೋಗಿಲೆಗೆ ಎಷ್ಟು ದೂರ ಎಂದು ಒಂದು ರೆಕಾರ್ಡ್ ಕೇಳಿದವರಿಗೂ ಗೊತ್ತು. ಟಾನ್ಸಿಲ್ ಚಿಕಿತ್ಸೆಯ ನಂತರ ಗಡಸಾದ, ತಗ್ಗಿದ ದನಿ ಅದು. ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣೆಯ ನಿಧಾನದ ಆಲಾಪ ಆ ದನಿಯಲ್ಲಿ ಭಾರವಾಗಿ ಕೂರುತ್ತಿತ್ತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತು ಬರುತ್ತಿದ್ದರು ಎಂಬುದನ್ನು ಬರೆಯುವಾಗ, ಸವಾಯಿ ಗಂಧರ್ವ ಎಂಬುದು ಬಿರುದು, ಹೆಸರು ರಾಮಭಾವು ಕುಂದಗೋಳಕರ ಎಂಬುದನ್ನೂ ಸೇರಿಸಿ. ಇಲ್ಲದಿದ್ದರೆ ಓದುಗರು ಇಬ್ಬರು ಗುರುಗಳೆಂದು ತಿಳಿಯುತ್ತಾರೆ.

ಪ್ರಶಸ್ತಿಯ 40 ಪದದಲ್ಲೂ ತಪ್ಪಿಗೆ ಜಾಗ ಇದೆ. ಪದ್ಮ ಪ್ರಶಸ್ತಿಗೆ ಘೋಷಣೆಯ ವರ್ಷ ಹಿಡಿಯಬೇಕು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ (ನಿಧನ 2024ರ ಡಿಸೆಂಬರ್ 16) ಬರಿಗಾಲಲ್ಲಿ ರಾಷ್ಟ್ರಪತಿ ಭವನದಲ್ಲಿ ನಡೆದ ಚಿತ್ರ 2021ರ ನವೆಂಬರಿನದು, ಆದರೆ ಪದ್ಮಶ್ರೀ 2020ರ ಪಟ್ಟಿಯದು. ಕೋವಿಡ್‌ನಿಂದ ಪ್ರದಾನ ತಡವಾಯಿತು. ‘ಪದ್ಮಶ್ರೀ ತುಳಸಿ ಗೌಡ’ ಎಂದು ಹೆಸರಿನ ಹಿಂದೆ ಅಂಟಿಸುವಂತೆಯೂ ಇಲ್ಲ. ಈ ಪ್ರಶಸ್ತಿಗಳು ಬಿರುದುಗಳಲ್ಲ, ಹೆಸರಿನ ಹಿಂದೆ ಮುಂದೆ ಬಳಸಬಾರದು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅಲ್ಲಿ ಉಳಿಸಿದ ಪದಗಳನ್ನು ಬೀಜಕ್ಕೆ ಕೊಡಿ: ಯಾವ ಮರ ತಾಯಿಮರ, ಅದರ ಬೀಜ ಯಾವ ವಾರದಲ್ಲಿ ಆರಿಸಿದರೆ ಮೊಳೆಯುತ್ತದೆ ಎಂಬುದು ಅವರಿಗೆ ತಿಳಿದಿತ್ತು, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ದಶಕಗಳ ಕಾಲ ಆ ತಿಳಿವಳಿಕೆಯನ್ನು ಸುರಿದರು.

ಪ್ರಕಟಿಸುವ ಮೊದಲು ಮನೆಯವರೊಬ್ಬರಿಗೆ ಓದಿ ಹೇಳಿ, ಹೆಸರುಗಳ ಕಾಗುಣಿತ ಮತ್ತು ಸಂಬಂಧಗಳನ್ನು ಮಾತ್ರ ಕೇಳಿ. ಕಾಯಿಲೆಯ ವಿವರ ಅವರು ಹೇಳದ ಹೊರತು ಬರೆಯಬೇಡಿ. ಟೀಕೆಯ ಸಾಲು ತೆಗೆಯಿರಿ ಎಂದರೆ, ಅದು ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸಿದ್ದಾದರೆ ಉಳಿಸಿಕೊಳ್ಳಿ, ಮನೆಯೊಳಗಿನದಾದರೆ ತೆಗೆದುಬಿಡಿ. ಫೋಟೋಗೆ ಯಾವ ವರ್ಷದ್ದು ಎಂದು ಕೆಳಗೆ ಬರೆಯಿರಿ.