ಹೊಸಬರಿಗೆ ಹಾಲು, ಮೊಟ್ಟೆ, ಬ್ರೆಡ್: ಯೊಕೊಟಾ ವಾಯುನೆಲೆಯಲ್ಲಿ ಕೆಲವು ದಿನ

ಟೋಕಿಯೊದ ಶಿಂಜುಕುವಿನಲ್ಲಿ ರೈಲು ಹತ್ತಿ, ತಾಚಿಕಾವಾದಲ್ಲಿ ಓಮೆ ಲೈನಿಗೆ ಬದಲಾಯಿಸಿದರೆ ಉಶಿಹಾಮ ಎಂಬ ಸಣ್ಣ ಸ್ಟೇಷನ್ ಸಿಗುತ್ತದೆ. ಇಳಿದು ಸ್ವಲ್ಪ ದೂರ ನಡೆದರೆ ರೂಟ್ 16 ಹೆದ್ದಾರಿ. ಅದರಾಚೆ ಕಣ್ಣು ಹಾಯುವಷ್ಟು ದೂರ ಬೇಲಿ. ಬೇಲಿಯೊಳಗೆ ಅಮೆರಿಕದ ಯೊಕೊಟಾ ವಾಯುನೆಲೆ.

ನನ್ನ ಅಕ್ಕನ ಮಗ ಹುಟ್ಟಿ ಬೆಳೆದದ್ದು ಟೆಕ್ಸಾಸಿನಲ್ಲಿ. ಅಲ್ಲಿನ ವಾಯುಪಡೆ ಸೇರಿದವನು, ಈ ನೆಲೆಗೆ ಬಂದು ಏಳು ತಿಂಗಳಾಗಿತ್ತು. "ಮೇ ತಿಂಗಳಲ್ಲಿ ಫ್ರೆಂಡ್‌ಶಿಪ್ ಫೆಸ್ಟಿವಲ್ ಇರುತ್ತೆ ಮಾಮ, ಆಗಲೇ ಬನ್ನಿ" ಎಂದಿದ್ದ. ಆ ಎರಡು ದಿನ ಸುತ್ತಲಿನ ಜನರಿಗೂ ನೆಲೆಯ ಗೇಟು ತೆರೆದಿರುತ್ತದೆ. ಪಾಸ್‌ಪೋರ್ಟ್ ತೋರಿಸಿ, ಬ್ಯಾಗ್ ತಪಾಸಣೆ ಮುಗಿಸಿ ಒಳಗೆ ಹೋದೆ. ಮುಂದೆ ಜಪಾನಿ ಅಜ್ಜಿಯೊಬ್ಬರು ಮೊಮ್ಮಗನ ಕೈ ಹಿಡಿದು ಹೋಗುತ್ತಿದ್ದರು.

ವಾಯುನೆಲೆ ಅಂದರೆ ಯುದ್ಧವಿಮಾನಗಳ ಸಾಲು ಎಂದುಕೊಂಡಿದ್ದೆ. ಯೊಕೊಟಾದ ಮುಖ್ಯ ಕೆಲಸವೇ ಬೇರೆ. ಇಲ್ಲಿರುವುದು 374ನೇ ಏರ್‌ಲಿಫ್ಟ್ ವಿಂಗ್. ಜನ, ಔಷಧಿ, ಸಾಮಾನು ಎಲ್ಲವನ್ನೂ ಬೇಕಾದ ಕಡೆ ತಲುಪಿಸುವ ತಂಡ. ನಾನು ಹತ್ತಿ ನೋಡಿದ್ದು ಸಿ-130ಜೆ. ನಾಲ್ಕು ಎಂಜಿನ್, ಒಂದೊಂದಕ್ಕೂ ಆರು ರೆಕ್ಕೆಯ ಪ್ರೊಪೆಲರ್. ಹಿಂದಿನ ಬಾಗಿಲು ಇಳಿಜಾರಾಗಿ ನೆಲಕ್ಕೆ ಬಾಗಿತ್ತು. ಒಳಗೆ ಗೋಡೆಗುಂಟ ಕೆಂಪು ಪಟ್ಟಿ ಹೆಣೆದ ಸೀಟುಗಳು, ನಮ್ಮೂರಿನ ನವಾರದ ಮಂಚದ ಹಾಗೆ. ನೆಲದಲ್ಲಿ ಸಾಲಾಗಿ ರೋಲರ್‌ಗಳು. ಒಂದನ್ನು ಬೆರಳಿನಿಂದ ತಳ್ಳಿದೆ, ಸರ್ರನೆ ತಿರುಗಿತು. ಟನ್‌ಗಟ್ಟಲೆ ಸಾಮಾನು ಇದರ ಮೇಲೆಯೇ ಜಾರಿ ಹೋಗುವುದು.

ಪ್ರತಿ ಡಿಸೆಂಬರಿನಲ್ಲಿ ಇಲ್ಲಿನ ವಿಮಾನಗಳು ಗುವಾಮ್‌ಗೆ ಹೋಗಿ, ಅಲ್ಲಿಂದ ಪೆಸಿಫಿಕ್ಕಿನ ಪುಟ್ಟ ದ್ವೀಪಗಳ ಮೇಲೆ ಹಾರುತ್ತವೆ. ಅಕ್ಕಿ, ಬಟ್ಟೆ, ಮೀನಿನ ಬಲೆ, ಆಟಿಕೆ ತುಂಬಿದ ಪೆಟ್ಟಿಗೆಗಳನ್ನು ಪ್ಯಾರಾಚೂಟ್ ಕಟ್ಟಿ ಇಳಿಸುತ್ತವೆ. 1952ರಲ್ಲಿ ಶುರುವಾದ ಕೆಲಸ ಇದು. ಮೇಲೆ ಹೋಗುತ್ತಿದ್ದ ವಿಮಾನಕ್ಕೆ ದ್ವೀಪದವರು ಕೈ ಬೀಸಿದರಂತೆ. ವಿಮಾನದವರು ತಮ್ಮ ಬಳಿ ಇದ್ದದ್ದನ್ನೇ ಗಂಟು ಕಟ್ಟಿ ಕೆಳಗೆ ಬಿಟ್ಟರು. ಈ ಕಥೆ ಹೇಳುವಾಗ ನಮ್ಮ ಹುಡುಗನ ಮುಖ ನೋಡಬೇಕಿತ್ತು.

ನನಗೆ ಇನ್ನೂ ಜಾಸ್ತಿ ಹಿಡಿಸಿದ್ದು ಇಲ್ಲಿಗೆ ಬರುವ ಹೊಸಬರನ್ನು ಇವರು ನೋಡಿಕೊಳ್ಳುವ ರೀತಿ. ಬರುವವರಿಗೆ ಮೊದಲೇ ಒಬ್ಬ ಸ್ಪಾನ್ಸರ್, ಅಂದರೆ ಜೊತೆಗಿದ್ದು ಎಲ್ಲ ತೋರಿಸಿಕೊಡುವ ಸಹೋದ್ಯೋಗಿ, ಗೊತ್ತುಮಾಡಿರುತ್ತಾರೆ. ನಮ್ಮವನು ಬಂದ ರಾತ್ರಿ ಅವನ ಸ್ಪಾನ್ಸರ್ ರೂಮಿನ ಫ್ರಿಜ್‌ನಲ್ಲಿ ಹಾಲು, ಮೊಟ್ಟೆ, ಬ್ರೆಡ್ ಇಟ್ಟಿದ್ದನಂತೆ. ಮೊದಲ ವಾರವೇ ಕಸ ಬೇರೆ ಮಾಡುವುದು, ಭೂಕಂಪವಾದರೆ ಏನು ಮಾಡಬೇಕು, ಎಲ್ಲ ಹೇಳಿಕೊಟ್ಟರು. ಆಮೇಲೆ ಡ್ರೈವಿಂಗ್ ಪಾಠ, ಪರೀಕ್ಷೆ. ಜಪಾನಿನಲ್ಲಿ ಗಾಡಿ ಎಡಕ್ಕೆ. ಕುಡಿದು ಓಡಿಸಿದರೆ ಓಡಿಸಿದವನಿಗೆ ಮಾತ್ರ ಅಲ್ಲ, ಗೊತ್ತಿದ್ದೂ ಜೊತೆಗೆ ಕೂತವನಿಗೂ, ಕುಡಿಸಿದವನಿಗೂ ಶಿಕ್ಷೆ.

ಅವನ ಕಾರಿನಲ್ಲಿ ಊರು ಸುತ್ತಿದೆವು. ತಿರುವು ಬಂದಾಗಲೆಲ್ಲ ಅವನ ಕೈ ಸ್ಟಿಯರಿಂಗ್ ಮೇಲೆ ಬಿಗಿಯಾಗುತ್ತಿತ್ತು. ಮೂವತ್ತು ವರ್ಷ ಮೈಸೂರಿನಲ್ಲಿ ಎಡಕ್ಕೇ ಓಡಿಸಿದವನು ನಾನು. "ಎಡ, ಎಡ... ಹಾಂ, ಹಾಗೇ ಹೋಗು ಪುಟ್ಟ" ಎನ್ನುತ್ತಾ ಪಕ್ಕದಲ್ಲಿ ಕೂತಿದ್ದೆ. ಅವನು ಚಿಕ್ಕವನಿದ್ದಾಗ ನಾನು ಏನನ್ನೂ ಕಲಿಸಿದ್ದಿಲ್ಲ. ಇಷ್ಟು ವರ್ಷದ ಮೇಲೆ ಅದು ಕೂಡಿಬಂತಲ್ಲ ಎಂದು ಖುಷಿಯಾಯಿತು.

ಫುಸ್ಸಾ ಊರಿನ ಒಂದು ನೂಡಲ್ಸ್ ಅಂಗಡಿಯಲ್ಲಿ ಊಟಕ್ಕೆ ಕೂತಾಗ ತಲೆಯ ಮೇಲೆ ವಿಮಾನ ಹೋಯಿತು. ಅಂಗಡಿಯಾಕೆ ಮಾತು ನಿಲ್ಲಿಸಿ, ಸದ್ದು ದೂರವಾದ ಮೇಲೆ ಮುಂದುವರಿಸಿದರು. ಈ ಸದ್ದಿನ ವಿರುದ್ಧ ಸುತ್ತಲಿನ ಜನ ದಶಕಗಳಿಂದ ಕೋರ್ಟಿಗೆ ಹೋಗಿದ್ದಾರೆ, ಪರಿಹಾರವೂ ಸಿಕ್ಕಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾರಾಟಕ್ಕೆ ಮಿತಿ ಹಾಕುವ ಒಪ್ಪಂದವೂ ಎರಡು ಸರ್ಕಾರಗಳ ನಡುವೆ ಇದೆ. ಆದರೂ ಇದರೊಂದಿಗೆ ಬದುಕುವುದು ಸುಲಭವಲ್ಲ. ನೆಲೆಗೆ ಬರುವ ಪ್ರತಿಯೊಬ್ಬರೂ ಒಂದು ಹೊತ್ತು ಇಂಥ ಅಂಗಡಿಯಲ್ಲಿ ಕೂತು ಉಣ್ಣಬೇಕು ಎಂದು ನನಗೆ ಅನ್ನಿಸಿತು.

2011ರ ಮಾರ್ಚ್ 11ರ ಭೂಕಂಪದ ದಿನ ನಾರಿತಾ, ಹನೆದಾ ನಿಲ್ದಾಣಗಳು ಮುಚ್ಚಿದಾಗ ಹಲವು ಪ್ರಯಾಣಿಕ ವಿಮಾನಗಳು ಈ ರನ್‌ವೇಯಲ್ಲೇ ಇಳಿದವು. ಹೇಳದೆ ಕೇಳದೆ ಬಂದ ಆ ನೂರಾರು ಜನರಿಗೆ ನೆಲೆಯವರು ಊಟ ಹಾಕಿ, ಮಲಗಲು ಜಾಗ ಕೊಟ್ಟರು. ಮುಂದಿನ ವಾರಗಳಲ್ಲಿ ಪರಿಹಾರ ಸಾಮಗ್ರಿ ಸಾಗಿಸಿದ್ದೂ ಇಲ್ಲಿಂದಲೇ.

ಹೊರಡುವ ಹಿಂದಿನ ದಿನ ಹುಡುಗ ಅಂಗಡಿಗೆ ಕರೆದುಕೊಂಡು ಹೋದ. ಸಿಯಾಟಲ್‌ನಿಂದ ಬರುವ ವಿಮಾನದಲ್ಲಿ ಹೊಸಬನೊಬ್ಬ ಬರುವವನಿದ್ದ. ಈ ಸಲ ಸ್ಪಾನ್ಸರ್ ನಮ್ಮವನೇ. ಹಾಲು, ಮೊಟ್ಟೆ, ಬ್ರೆಡ್ ಬುಟ್ಟಿಗೆ ಹಾಕಿದ. ಆಮೇಲೆ ನನ್ನ ಕಡೆ ತಿರುಗಿದ.

"ಮಾಮ, ಅಮ್ಮನಿಗೆ ಅಂತ ತಂದಿರೋ ಚಕ್ಕುಲಿಯಲ್ಲಿ ಸ್ವಲ್ಪ ಕೊಡ್ತೀರಾ?"

ಡಬ್ಬ ಪೂರ್ತಿ ಕೊಟ್ಟೆ.